ಕೇಬಲ್ ಬಂದ ಊರಿಗೆ ನೆಟ್ ಏಕೆ ಬರಲಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಇಂಟರ್ನೆಟ್ಟಿನ ದೂರುಗಳೇ ಹೆಚ್ಚು. ಬೇರೆ ಓದುಗರಿಗೂ ಉಪಯೋಗವಾಗಬಹುದಾದ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರನ್ನೂ ಅವರು ದೂರಿದ ಕಂಪನಿಗಳ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪಂಚಾಯಿತಿ ಕಚೇರಿಗೆ ಫೈಬರ್ ಕೇಬಲ್ ಬಂದು ವರ್ಷಗಳಾದವು. ಗೋಡೆಯ ಮೇಲೆ ಪೆಟ್ಟಿಗೆ ಇದೆ, ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಇದೆ, ನೆಟ್ ಮಾತ್ರ ಇಲ್ಲ. ಪಹಣಿಗೆ ಬಂದವರು ಆಪರೇಟರ್ ಅವರ ಮೊಬೈಲಿನ ಹಾಟ್‌ಸ್ಪಾಟ್ ನಂಬಿ ಕೂರಬೇಕು. ಆದರೂ ಸರ್ಕಾರದ ಲೆಕ್ಕದಲ್ಲಿ ನಮ್ಮದು ಸಂಪರ್ಕ ಪಡೆದ ಪಂಚಾಯಿತಿಯಂತೆ. ಇದು ಹೇಗೆ?
– ಪಂಚಾಯಿತಿ ಸದಸ್ಯೆ, ಆಳಂದ ತಾಲೂಕು

ಉತ್ತರ: ಲೆಕ್ಕ ಹಾಕುವವರು ಎಣಿಸಿದ್ದು ಕೇಬಲ್ ಮುಟ್ಟಿತೇ ಎಂಬುದನ್ನು, ನೀವು ಕೇಳುತ್ತಿರುವುದು ಈ ಹೊತ್ತಿಗೆ ನಡೆಯುತ್ತಿದೆಯೇ ಎಂಬುದನ್ನು. ಕೊಳವೆಬಾವಿ ಕೊರೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡು, ನೀರು ಬಂತೇ ಎಂದು ಕೇಳದೆ ಬಿಟ್ಟ ಹಾಗೆ ಆಗಿದೆ.

ಯೋಜನೆಯ ಹಿನ್ನೆಲೆ ಹೀಗಿದೆ. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ವೇಗದ ಸಂಪರ್ಕ ಕೊಡಬೇಕೆಂದು ಕೇಂದ್ರ ಸಂಪುಟ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು; ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಇದರ ಹಣ ಎಲ್ಲಿಂದಲೋ ಬಂದದ್ದಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ (ಕೆಲವು ಬಾಬತ್ತು ಕಳೆದು ಉಳಿಯುವ ಆದಾಯದಲ್ಲಿ) ಶೇ 5ರಷ್ಟನ್ನು 2002ರಿಂದ ಒಂದು ಸಾರ್ವತ್ರಿಕ ಸೇವಾ ನಿಧಿಗೆ ಕಟ್ಟುತ್ತ ಬಂದಿವೆ. 2023ರ ದೂರಸಂಪರ್ಕ ಕಾಯ್ದೆ ಆ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರಿಟ್ಟಿದೆ. ಕಂಪನಿಗಳಿಗೆ ಆದಾಯ ಬರುವುದು ನಾವು ಮಾಡಿಸುವ ರೀಚಾರ್ಜಿನಿಂದ. ಆದ್ದರಿಂದ ನಿಮ್ಮ ಕಚೇರಿಯ ಗೋಡೆಯ ಮೇಲಿನ ಆ ಪೆಟ್ಟಿಗೆಯಲ್ಲಿ ನಿಮ್ಮೂರಿನ ಹಣವೂ ಇದೆ.

ಕಳೆದ ಬೇಸಿಗೆಯಲ್ಲಿ ಸೇಡಂ ಕಡೆಯ ಒಂದು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಪೆಟ್ಟಿಗೆಯ ಮೇಲೆ ಧೂಳು ಕುಳಿತು, ಅದರ ಬಾಗಿಲಿನ ಸಂದಿಯಲ್ಲಿ ಯಾರೋ ಮನೆ ಕರದ ರಸೀದಿ ಸಿಕ್ಕಿಸಿದ್ದರು. ಒಳಗೆ ಕರೆಂಟಿನ ಹಸಿರು ದೀಪ ಹತ್ತಿತ್ತು, ಅದರ ಪಕ್ಕದಲ್ಲಿ ಕೆಂಪು ದೀಪವೊಂದು ಮಿನುಗುತ್ತಿತ್ತು. ಕರೆಂಟು ಇದೆ, ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ವಿಚಾರಿಸಿದರೆ, ನೀರಿನ ಪೈಪು ಹಾಕುವಾಗ ಜೆಸಿಬಿಯ ಹಲ್ಲು ತಾಗಿ ಕೇಬಲ್ ತುಂಡಾಗಿತ್ತು. ಅಂದೇ ಕಟ್ಟಾದದ್ದು ಆ ಊರಿನ ಸಂಪರ್ಕ ಮಾತ್ರವಲ್ಲ, ಅದೇ ಕೇಬಲ್ಲಿನ ಮುಂದಿದ್ದ ಊರುಗಳದ್ದೂ ಹೋಗಿತ್ತು.

ಹೀಗಾಗುವುದಕ್ಕೆ ಕಾರಣ ಜಾಲದ ವಿನ್ಯಾಸದಲ್ಲೇ ಇದೆ. ತಾಲೂಕು ಕೇಂದ್ರದಿಂದ ಹೊರಟ ಕೇಬಲ್ ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತ ಪಂಚಾಯಿತಿಗಳನ್ನು ಮುಟ್ಟುತ್ತಿತ್ತು. ಬುಡದ ಹತ್ತಿರ ಕಡಿದರೆ ತುದಿಯವರೆಗೂ ಒಣಗಿತು. ಕೇಬಲ್ಲನ್ನು 1.65 ಮೀಟರ್ ಆಳದಲ್ಲಿ ಹೂಳಬೇಕೆಂಬುದು ಇಲಾಖೆಯ ರೂಢಿಯ ಅಳತೆ. ಆದರೆ ಶಹಾಬಾದ್, ಚಿತ್ತಾಪುರದ ಕಡೆ ಎರಡು ಅಡಿ ಅಗೆಯುವಷ್ಟರಲ್ಲಿ ಹಾಸುಗಲ್ಲು ಸಿಗುವ ನೆಲದಲ್ಲಿ ಆ ಅಳತೆ ಎಷ್ಟರಮಟ್ಟಿಗೆ ಉಳಿದೀತು ಎಂಬುದನ್ನು ಅಗೆದವರನ್ನೇ ಕೇಳಬೇಕು.

ಈ ದೋಷವನ್ನು ಸರ್ಕಾರವೂ ಒಪ್ಪಿಕೊಂಡಂತಿದೆ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯಲ್ಲಿ ಕೇಬಲ್ಲನ್ನು ಉಂಗುರದಂತೆ ಸುತ್ತಿಸಬೇಕೆಂಬ ಸೂತ್ರವಿದೆ. ಒಂದು ಕಡೆ ತುಂಡಾದರೆ ಸಂಕೇತ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹತ್ತು ವರ್ಷಗಳ ನಿರ್ವಹಣೆಯನ್ನೂ ಕಾಮಗಾರಿಯ ಗುತ್ತಿಗೆಯೊಳಗೇ ಸೇರಿಸಲಾಗಿದೆ. ಕೇಬಲ್ ಹಾಸಿದವನೇ ಅದನ್ನು ನಡೆಸಿಕೊಂಡು ಹೋಗಬೇಕೆಂಬ ಈ ಷರತ್ತು 2011ರಲ್ಲೇ ಇದ್ದಿದ್ದರೆ ನಿಮ್ಮ ಪತ್ರವೇ ಬರುತ್ತಿರಲಿಲ್ಲವೆಂದು ನನ್ನ ಎಣಿಕೆ.

ಈಗ ನೀವು ಮಾಡಬಹುದಾದದ್ದು. ಪೆಟ್ಟಿಗೆಯ ಕೆಂಪು ದೀಪದ ಫೋಟೊ ತೆಗೆದು, ಎಂದಿನಿಂದ ನೆಟ್ ಇಲ್ಲವೆಂಬುದನ್ನು ತಾರೀಖಿನ ಸಮೇತ ಬರೆದು, ಪಂಚಾಯಿತಿ ಸಭೆಯಲ್ಲಿ ಠರಾವು ಪಾಸು ಮಾಡಿಸಿ ಜಿಲ್ಲಾ ಪಂಚಾಯಿತಿಗೂ ಬಿಎಸ್ಎನ್ಎಲ್‌ಗೂ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. ಅದರ ಜೊತೆಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಒಂದೇ ಒಂದು ಪ್ರಶ್ನೆ ಕೇಳಿ: ಕಳೆದ ಹನ್ನೆರಡು ತಿಂಗಳಲ್ಲಿ ನಮ್ಮ ಪಂಚಾಯಿತಿಯ ಸಂಪರ್ಕ ಯಾವ ಯಾವ ದಿನ ಚಾಲ್ತಿಯಲ್ಲಿತ್ತು? ಯಾವ ಪೆಟ್ಟಿಗೆ ಯಾವಾಗ ಸತ್ತಿದೆ ಎಂಬುದನ್ನು ದೂರದಿಂದಲೇ ನೋಡುವ ವ್ಯವಸ್ಥೆ ಇಂಥ ಜಾಲಗಳಲ್ಲಿ ಇರುತ್ತದೆ. ‘ಏಕೆ ಇಲ್ಲ’ ಎಂದು ಕೇಳಿದರೆ ಸಮಜಾಯಿಷಿ ಬರುತ್ತದೆ, ‘ಯಾವ ದಿನ ಇತ್ತು’ ಎಂದು ಕೇಳಿದರೆ ಲೆಕ್ಕ ಕೊಡಬೇಕಾಗುತ್ತದೆ. ಮುಂದೆ ನಿಮ್ಮೂರಲ್ಲಿ ಯಾವುದೇ ಗುತ್ತಿಗೆದಾರ ರಸ್ತೆ ಅಗೆಯಲು ಬಂದರೆ, ಅಗೆಯುವ ಮೊದಲು ಕೇಬಲ್ ಇರುವ ಸಂಸ್ಥೆಗೆ ಮುನ್ಸೂಚನೆ ಕೊಟ್ಟಿದ್ದೀಯಾ ಎಂದು ಕೇಳಿ. ಅದಕ್ಕೆಂದೇ 2023ರ ಮಾರ್ಚಿನಿಂದ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಇದೆ.

ಪ್ರಶ್ನೆ: ನನ್ನ ಅಂಗಡಿಯ ಬ್ರಾಡ್‌ಬ್ಯಾಂಡ್ ಹನ್ನೊಂದು ದಿನ ಬಂದ್ ಇತ್ತು. ಬಿಲ್ ಮಾತ್ರ ಪೂರ್ತಿ ಬಂದಿದೆ. ಟ್ರಾಯ್‌ಗೆ ಬರೆಯಬೇಕೆಂದಿದ್ದೇನೆ. ವಿಳಾಸ ತಿಳಿಸಿ.
– ಬಿದರಿ ಕಲಾಕೃತಿಗಳ ವ್ಯಾಪಾರಿ, ಬೀದರ್

ಉತ್ತರ: ವಿಳಾಸದಿಂದ ನಿಮಗೆ ಪ್ರಯೋಜನವಾಗದು. 1997ರ ಕಾಯ್ದೆಯಿಂದ ಹುಟ್ಟಿದ ಟ್ರಾಯ್ ಟೆಲಿಕಾಂ ಸೇವೆಗಳ ದರ ಮತ್ತು ಗುಣಮಟ್ಟದ ನಿಯಮ ಮಾಡುವ ಸಂಸ್ಥೆ. ಒಬ್ಬೊಬ್ಬ ಗ್ರಾಹಕನ ದೂರನ್ನು ಅದು ತೀರ್ಮಾನಿಸುವುದಿಲ್ಲ. ಅದರ 2012ರ ನಿಯಮಾವಳಿಯ ಪ್ರಕಾರ ನೀವು ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿ ಡಾಕೆಟ್ ಸಂಖ್ಯೆ (ದೂರು ದಾಖಲಾದ ಸಂಖ್ಯೆ) ಪಡೆಯಬೇಕು. ‘ಹೇಳಿದ್ದೇವೆ ಸರ್, ಹುಡುಗರು ಬರುತ್ತಾರೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಆ ಸಂಖ್ಯೆಗೆ ಇದೆ. ಅಲ್ಲಿ ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು 39 ದಿನಗಳಲ್ಲಿ ತೀರ್ಮಾನ ಹೇಳಬೇಕು. ಮೇಲ್ಮನವಿ ಕೇಳುವವರೂ ಕಂಪನಿಯ ಮನುಷ್ಯರೇ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಆದರೆ ಅಲ್ಲಿಗೆ ದಾರಿ ಮುಗಿಯುವುದಿಲ್ಲ. ಟೆಲಿಕಾಂ ವ್ಯಾಜ್ಯಗಳಿಗೆ ಗ್ರಾಹಕ ವೇದಿಕೆಯಲ್ಲಿ ಅವಕಾಶವಿಲ್ಲವೆಂದು ಕಂಪನಿಗಳ ವಕೀಲರು ಬಹಳ ವರ್ಷ ವಾದಿಸಿದರು. 2009ರ ಒಂದು ತೀರ್ಪು ಅವರ ಕಡೆಗೇ ಇತ್ತು. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಸೇವೆಗೆ ಶುಲ್ಕವಿಲ್ಲ. ಅಂಗಡಿಯ ಸಂಪರ್ಕವೆಂದರೆ ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ ಎಂದು ಎದುರಿನವರು ತಕರಾರು ತೆಗೆಯಬಹುದು. ಜೀವನೋಪಾಯಕ್ಕಾಗಿ ಸ್ವಂತ ದುಡಿಮೆಯಿಂದ ನಡೆಸುವ ಅಂಗಡಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ದೂರಿನ ಮೊದಲ ಪುಟದಲ್ಲೇ ಅದನ್ನು ಬರೆಯಿರಿ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಮ್ಮೆ ಕರೆ ಮಾಡಿ ನೋಡಿ. ಅನೇಕ ಸಲ ಹನ್ನೊಂದು ದಿನದ ಬಾಡಿಗೆ ಅಲ್ಲಿಯೇ ವಾಪಸಾಗುತ್ತದೆ.

ಪ್ರಶ್ನೆ: ವಿಡಿಯೊ ಕಂಪನಿಗಳು ಜಾಲಕ್ಕೆ ಭಾರ ಹಾಕುತ್ತವೆ, ಆದ್ದರಿಂದ ಅವು ಟೆಲಿಕಾಂ ಕಂಪನಿಗಳಿಗೆ ಪಾಲು ಕೊಡಬೇಕು ಎನ್ನುತ್ತಾರೆ. ನ್ಯಾಯವೆಂದೇ ತೋರುತ್ತದೆ. ನಮ್ಮ ಉಪನ್ಯಾಸಕರು ಮಾತ್ರ ಇದು ನೆಟ್ ತಟಸ್ಥತೆಗೆ ವಿರುದ್ಧ ಎನ್ನುತ್ತಾರೆ. ಯಾರು ಸರಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ನೆಟ್ ತಟಸ್ಥತೆ ಎಂದರೆ ಜಾಲ ನಡೆಸುವವರು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ ತತ್ವ. ನಿಮ್ಮ ಉಪನ್ಯಾಸಕರ ಪಕ್ಷವೇ ನನ್ನದು, ಆದರೆ ಎದುರಿನ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆ.

2015ರ ಮಾರ್ಚಿನಲ್ಲಿ ಟ್ರಾಯ್ ಇದೇ ವಿಷಯದ ಮೇಲೆ ಒಂದು ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಮೇಲ್ ಬರೆದರು. ಒಣ ಕಡತದ ಮೇಲೆ ಅಷ್ಟು ಜನ ಅಭಿಪ್ರಾಯ ಹೇಳಿದ್ದು ನಾನು ಕಂಡಂತೆ ಅದೇ ಮೊದಲು. ಆಗ ಫೇಸ್‌ಬುಕ್ ಸಂಸ್ಥೆ ‘ಫ್ರೀ ಬೇಸಿಕ್ಸ್’ ಎಂಬ ಯೋಜನೆ ತಂದಿತ್ತು: ಆಯ್ದ ಕೆಲವು ತಾಣಗಳು ಪುಕ್ಕಟೆ, ಉಳಿದವಕ್ಕೆ ಡೇಟಾ ಹಣ. ಬಡವನಿಗೆ ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಎಂಬ ವಾದ ಅದರ ಹಿಂದಿತ್ತು, ಆ ವಾದ ಪೂರ್ತಿ ಪೊಳ್ಳೂ ಆಗಿರಲಿಲ್ಲ. ಆದರೆ ಯೋಚಿಸಿ ನೋಡಿ: ನೀವೇ ಕಲಬುರಗಿಯ ಎಪಿಎಂಸಿಯ ತೊಗರಿ ಧಾರಣೆಯನ್ನು ದಿನವೂ ತಿಳಿಸುವ ಆ್ಯಪ್ ಮಾಡುತ್ತೀರಿ. ಪುಕ್ಕಟೆ ಪಟ್ಟಿಯಲ್ಲಿ ಯಾವುದೋ ದೊಡ್ಡ ಕಂಪನಿಯ ಆ್ಯಪ್ ಇದೆ, ನಿಮ್ಮದಿಲ್ಲ. ಅಫಜಲಪುರದ ರೈತ ಯಾವುದನ್ನು ತೆರೆಯುತ್ತಾನೆ? ನಿಮ್ಮ ಧಾರಣೆ ಹೆಚ್ಚು ನಿಖರವಾಗಿದ್ದರೂ ಅವನಿಗೆ ಅದು ತಿಳಿಯುವುದೇ ಇಲ್ಲ. 2016ರ ಫೆಬ್ರುವರಿ 8ರಂದು ಟ್ರಾಯ್ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿ, ಉಲ್ಲಂಘನೆಗೆ ದಿನಕ್ಕೆ 50,000 ರೂಪಾಯಿ ದಂಡ ಇಟ್ಟಿತು. ದರದಲ್ಲಷ್ಟೇ ಅಲ್ಲದೆ ವೇಗದಲ್ಲಿಯೂ ತಾರತಮ್ಯ ಸಲ್ಲದೆಂಬ ತತ್ವವನ್ನು ದೂರಸಂಪರ್ಕ ಇಲಾಖೆ 2018ರಲ್ಲಿ ಒಪ್ಪಿಕೊಂಡಿತು.

ಈಗಿನ ‘ಪಾಲು’ ಅದೇ ಪ್ರಶ್ನೆಯನ್ನು ಹಿತ್ತಿಲ ಬಾಗಿಲಿನಿಂದ ತರುತ್ತದೆ. ವಿಡಿಯೊ ತಾನಾಗಿ ಜಾಲಕ್ಕೆ ನುಗ್ಗುವುದಿಲ್ಲ. ನೋಡುವವನು ಕೇಳಿದ್ದರಿಂದ ಬರುತ್ತದೆ, ಅದಕ್ಕಾಗಿ ಅವನು ರೀಚಾರ್ಜ್ ಮಾಡಿಸಿದ್ದಾನೆ. ಒಂದೇ ಮೂಟೆಗೆ ಕಳುಹಿಸಿದವನಿಂದಲೂ ಪಡೆದವನಿಂದಲೂ ಬಾಡಿಗೆ ವಸೂಲು ಮಾಡಿದರೆ ಲಾರಿ ಮಾಲೀಕನನ್ನು ಗಂಜ್ ಮಾರುಕಟ್ಟೆಯಲ್ಲಿ ಯಾರೂ ಸುಮ್ಮನೆ ಬಿಡಲಾರರು. ದಕ್ಷಿಣ ಕೊರಿಯಾದಲ್ಲಿ 2016ರಿಂದ ಕಳುಹಿಸುವವರ ಕಡೆಯಿಂದ ಹಣ ವಸೂಲಾಗುವ ನಿಯಮ ಬಂತು. ಜಾಲದ ವೆಚ್ಚ ತಾಳಲಾಗದೆಂದು ಟ್ವಿಚ್ ಎಂಬ ವಿಡಿಯೊ ಸೇವೆ 2024ರಲ್ಲಿ ಆ ದೇಶವನ್ನೇ ಬಿಟ್ಟಿತು.

ಟೆಲಿಕಾಂ ಕಂಪನಿಗಳ ಒಂದು ಮಾತು ಮಾತ್ರ ನನಗೆ ನಾಟುತ್ತದೆ. ಲೈಸೆನ್ಸ್ ಶುಲ್ಕ, ಸ್ಪೆಕ್ಟ್ರಂ (ರೇಡಿಯೊ ತರಂಗಗಳ ಬಳಕೆಯ) ಹಣ, ನಾನು ಮೇಲೆ ಹೇಳಿದ ಶೇ 5ರ ಪಾಲು ಎಲ್ಲವನ್ನೂ ಅವು ಕಟ್ಟುತ್ತವೆ, ಅವುಗಳ ಹಾಗೆಯೇ ಕರೆ ಮತ್ತು ಸಂದೇಶ ಸೇವೆ ಕೊಡುವ ಆ್ಯಪ್‌ಗಳು ಯಾವುದನ್ನೂ ಕಟ್ಟುವುದಿಲ್ಲ. ಇದಕ್ಕೆ ಪರಿಹಾರ ಬೇಕು. ಅದು ಸರ್ಕಾರ ತೆರಿಗೆಯ ಮೂಲಕ ಮಾಡಬೇಕಾದ ಕೆಲಸವೇ ಹೊರತು, ಯಾರ ವಿಡಿಯೊ ಬೇಗ ಓಡಬೇಕೆಂದು ಕಂಪನಿಗಳು ತಮ್ಮ ತಮ್ಮಲ್ಲೇ ಮಾಡಿಕೊಳ್ಳುವ ವ್ಯಾಪಾರವಾಗಬಾರದು.

ಪ್ರಶ್ನೆ: ಗಲಾಟೆಯ ಸಂದರ್ಭದಲ್ಲಿ ಇಂಟರ್ನೆಟ್ ಬಂದ್ ಮಾಡುವ ಅಧಿಕಾರ ತಹಸೀಲ್ದಾರರಿಗೆ ಇದೆಯೇ?
– ಫೋನ್‌ಪೇ ನಂಬಿದ ಚಹಾ ಅಂಗಡಿಯವ, ಶಹಾಪುರ

ಉತ್ತರ: ಇಲ್ಲ, ಜಿಲ್ಲಾಧಿಕಾರಿಗೂ ಇಲ್ಲ. 2017ಕ್ಕೆ ಮುಂಚೆ ಜಿಲ್ಲಾ ಮಟ್ಟದಲ್ಲಿಯೇ ಸೆಕ್ಷನ್ 144ರ ಹೆಸರಿನಲ್ಲಿ ಇಂಥ ಆದೇಶಗಳು ಹೊರಡುತ್ತಿದ್ದವು. ಆ ವರ್ಷದ ನಿಯಮಗಳು ಅಧಿಕಾರವನ್ನು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಗೆ ಕೊಟ್ಟವು. ಅನಿವಾರ್ಯ ಸಂದರ್ಭದಲ್ಲಿ ಅವರು ಅಧಿಕಾರ ಕೊಟ್ಟ ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಆದೇಶಿಸಬಹುದು, ಆದರೆ ಅದಕ್ಕೆ 24 ಗಂಟೆಯೊಳಗೆ ಒಪ್ಪಿಗೆ ಸಿಗಬೇಕು. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಕಾಲದ ಬಂದ್ ಸಲ್ಲದು, ಆದೇಶವನ್ನು ಪ್ರಕಟಿಸಲೇಬೇಕು ಎಂದಿತು. ಅದೇ ವರ್ಷ ಒಂದು ಆದೇಶಕ್ಕೆ 15 ದಿನಗಳ ಮಿತಿ ಬಂತು; 2024ರ ಹೊಸ ನಿಯಮಗಳೂ ಆ ಮಿತಿಯನ್ನು ಉಳಿಸಿಕೊಂಡಿವೆ. ಬಂದ್ ಆದ ದಿನ ನೀವು ಕೇಳಬೇಕಾದದ್ದು ಆ ಆದೇಶದ ಪ್ರತಿಯನ್ನು. ಅದರಲ್ಲಿ ಕಾರಣ, ಪ್ರದೇಶ, ಅವಧಿ ಮೂರೂ ಇರಬೇಕು. ಅಂದು ನಿಮ್ಮ ಚಹಾದ ಬಾಕಿಯನ್ನು ವಹಿಯಲ್ಲಿ ಬರೆದುಕೊಳ್ಳುವುದು ಬಿಟ್ಟು ಬೇರೆ ಉಪಾಯ ನನಗೂ ಹೊಳೆಯುತ್ತಿಲ್ಲ.

ಪ್ರಶ್ನೆ: ಉಪಗ್ರಹದಿಂದಲೇ ನೆಟ್ ಬರುವುದಾದರೆ ಕೇಬಲ್ಲಿಗೆ ಹಣ ಸುರಿಯುವುದು ಏಕೆ?
– ನಿವೃತ್ತ ಶಿಕ್ಷಕ, ಚಿಂಚೋಳಿ

ಉತ್ತರ: ಕುಂಚಾವರಂ ಕಾಡಿನಂಚಿನ ತಾಂಡಾಗಳಿಗೆ ಅದು ನಿಜವಾಗಿಯೂ ಉಪಯೋಗಕ್ಕೆ ಬಂದೀತು. ಹಳೆಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದವು, ಮಾತಿಗೆ ಮಾತು ತಡವಾಗಿ ತಲುಪುತ್ತಿತ್ತು. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರಿನಲ್ಲೇ ಸುತ್ತುತ್ತವೆ. ಇವುಗಳ ಸ್ಪೆಕ್ಟ್ರಂ ಹರಾಜಾಗಬೇಕೇ, ಸರ್ಕಾರ ನೇರವಾಗಿ ಹಂಚಬೇಕೇ ಎಂಬ ಜಗಳ ನಡೆಯಿತು. ಹರಾಜಿಲ್ಲದೆ ಕೊಟ್ಟಿದ್ದ 122 ಟೆಲಿಕಾಂ ಲೈಸೆನ್ಸುಗಳನ್ನು 2012ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ ನೆನಪು ಎಲ್ಲರಿಗೂ ಇತ್ತು. 2023ರ ಕಾಯ್ದೆ ಉಪಗ್ರಹ ಸೇವೆಗೆ ನೇರ ಹಂಚಿಕೆಯನ್ನೇ ಒಪ್ಪಿದೆ. ಆದಾಯದ ಶೇ 4ರಷ್ಟು ಶುಲ್ಕ ಇರಲಿ ಎಂದು ಟ್ರಾಯ್ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದರೆ ಒಂದು ಪ್ರದೇಶದ ಮೇಲೆ ಹಾದುಹೋಗುವ ಉಪಗ್ರಹದ ಸಾಮರ್ಥ್ಯವನ್ನು ಅಲ್ಲಿನವರೆಲ್ಲ ಹಂಚಿಕೊಳ್ಳಬೇಕು, ಮನೆಮನೆಗೂ ಆ್ಯಂಟೆನಾ ಕೊಳ್ಳಬೇಕು. ಚಿಂಚೋಳಿ ಪಟ್ಟಣಕ್ಕೆ, ನಿಮ್ಮ ಹಳೆಯ ಶಾಲೆಗೆ, ಆಸ್ಪತ್ರೆಗೆ ಫೈಬರ್ರೇ ಬೇಕು. ತಾಂಡಾದ ಅಂಗನವಾಡಿಗೆ ಆ್ಯಂಟೆನಾ ಸಾಕು.