ಬೆಲೆ ಏರಿಕೆಯನ್ನು ಚಿತ್ರದಲ್ಲಿ ತೋರಿಸಬೇಕೋ, ಆಟದ ನಿಯಮದಲ್ಲೋ?

ಗೇಮಿಂಗ್ ದಿನೇ ದಿನೇ ದುಬಾರಿಯಾಗುತ್ತಿದೆ, ಅದರೊಳಗಿನ ಅಸಮಾನತೆಯನ್ನು ಕುರಿತು ಕಲಾಕೃತಿ ಮಾಡಬೇಕೆಂದರೆ ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ವಿಜಯಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ನನ್ನ ಸಲಹೆಯೆಂದರೆ, ಅಂಗಡಿಯ ಗಾಜಿನಾಚೆ ನಿಂತು ವಿಡಿಯೊ ಗೇಮ್ ಆಡುವ ಕನ್ಸೋಲನ್ನು ಆಸೆಗಣ್ಣಿನಿಂದ ನೋಡುವ ಹುಡುಗನ ಚಿತ್ರ ಬರೆಯಬೇಡಿ. ಅದು ಕನಿಕರ ಹುಟ್ಟಿಸೀತೇ ಹೊರತು ಲೆಕ್ಕವನ್ನು ತೋರಿಸುವುದಿಲ್ಲ.

ಲೆಕ್ಕವಾದರೋ ಸರಳವಾಗಿದೆ. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ 49,990 ರೂಪಾಯಿ ಇದ್ದ ಡಿಸ್ಕ್ ಹಾಕಿ ಆಡುವ ಮಾದರಿಯ ಪ್ಲೇಸ್ಟೇಷನ್ 5 ಕನ್ಸೋಲ್, ಮರುವರ್ಷ 54,990ಕ್ಕೆ ಏರಿತು. 2025–26ರ ಉದ್ಯೋಗ ಖಾತ್ರಿ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಯಂತ್ರಕ್ಕೆ ಸುಮಾರು 149 ದಿನಗಳ ದುಡಿಮೆ ಬೇಕಾಗುತ್ತಿತ್ತು, 4,999 ರೂಪಾಯಿಯ ಒಂದು ಆಟಕ್ಕೆ ಮತ್ತೆ ಹದಿಮೂರೂವರೆ ದಿನ.

ಇಂಥ ಲೆಕ್ಕವನ್ನು ಆಟದ ನಿಯಮವಾಗಿಸಿದವರು ಹಿಂದೆಯೇ ಇದ್ದರು. ಅಮೆರಿಕದ ಎಲಿಜಬೆತ್ ಮೇಗಿ 1904ರಲ್ಲಿ ಪೇಟೆಂಟ್ ಪಡೆದ ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’, ಬಾಡಿಗೆಯಿಂದ ಭೂಮಾಲೀಕರು ಹೇಗೆ ಬೆಳೆಯುತ್ತಾರೆಂದು ಆಡಿಯೇ ತಿಳಿಯಲಿ ಎಂದು ರೂಪಿಸಿದ್ದು. ಅದರಿಂದ ಹುಟ್ಟಿದ ಮೊನೊಪೊಲಿ ಎಂಬ ಹಲಗೆಯಾಟದಲ್ಲಿ ಉಳಿದವರನ್ನು ದಿವಾಳಿ ಮಾಡುವುದೇ ಗೆಲುವಾಯಿತು, ಅದು ಬೇರೆ ಮಾತು.

ಕಳೆದ ವರ್ಷ ನಾನು ಹುಲಿ-ಕುರಿ ಆಟದ ಮನೆಯನ್ನು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಮೂರು ಹುಲಿ, ಹದಿನೈದು ಕುರಿ ಇಟ್ಟುಕೊಂಡು, ಒಂದು ನಿಯಮವನ್ನಷ್ಟೇ ಸೇರಿಸಿದೆ. ಕುರಿ ಆಡುವವರಿಗೆ ಇಪ್ಪತ್ತು ಹುಣಸೆ ಬೀಜ. ಮೊದಲ ಐದು ಕುರಿಗಳನ್ನು ಇಳಿಸಲು ತಲಾ ಒಂದು ಬೀಜ ತೆರಬೇಕು, ಮುಂದಿನ ಐದಕ್ಕೆ ಎರಡೆರಡು, ಆಮೇಲೆ ಮೂರು ಮೂರು. ಹುಲಿಗೆ ಯಾವ ಖರ್ಚೂ ಇಲ್ಲ. ಹನ್ನೊಂದನೆಯ ಕುರಿ ಇಳಿಸಿದ ಹುಡುಗಿ ಮುಷ್ಟಿ ಬಿಚ್ಚಿದಾಗ ಎರಡೇ ಬೀಜ ಉಳಿದಿದ್ದವು. ಹುಲಿಯನ್ನು ಕಟ್ಟಿಹಾಕಲು ಕುರಿ ಸಾಲದೆ, ಅವಳು ಪಕ್ಕದವನ ಕಡೆ ಕೈ ಚಾಚಿ, “ಒಂದ ಕೊಡೋ, ನಾಳಿ ಕೊಡತೀನಿ” ಎಂದಳು. ಅವನು ಕೊಡುವ ಮೊದಲೇ, “ಒಂದಕ್ಕ ಎರಡ ಕೊಡಬೇಕ ಮತ್ತ” ಎಂದ. ಬಡ್ಡಿಯ ನಿಯಮವನ್ನು ನಾನು ಬರೆದಿರಲಿಲ್ಲ.

ನೀವು ಪ್ರದರ್ಶನದಲ್ಲಿ ಇಡುವುದಾದರೆ ನೆಲದ ಮೇಲೆಯೇ ಇಡಿ, ಜನ ಕುಳಿತು ಆಡಲಿ. ಬೀಜಗಳ ಬದಲು ನಾಣ್ಯ ಬಳಸಬೇಡಿ. ನಮ್ಮಲ್ಲಿ ನಾಣ್ಯ ಇಟ್ಟು ನೋಡಿದಾಗ ಎರಡನೆಯ ದಿನವೇ ನಾಲ್ಕು ಕಾಣೆಯಾಗಿದ್ದವು.