ಪ್ರವಾಸೋದ್ಯಮ ಅಧ್ಯಯನ ಸ್ವತಂತ್ರ ವಿಜ್ಞಾನವೇ? ವಿಜಯಪುರದವನು, ಎಂ.ಟಿ.ಎ. (ಪ್ರವಾಸೋದ್ಯಮ ಆಡಳಿತದ ಸ್ನಾತಕೋತ್ತರ ಪದವಿ) ಸೇರಲೋ ಬೇಡವೋ ತಿಳಿಯುತ್ತಿಲ್ಲ

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಎರಡು ವರ್ಷ ಓಡಾಡಿದ್ದೇನೆ. ನಮ್ಮೂರು ಬಾದಾಮಿ. ಎಂ.ಟಿ.ಎ. ಸೇರಿದಾಗ ಮನೆಯಲ್ಲಿ "ಗೈಡ್ ಆಗಾಕ ಇಷ್ಟು ಓದಬೇಕೇನು?" ಅಂದರು. ಇದು ಭೌತಶಾಸ್ತ್ರದಷ್ಟೇ ಗಟ್ಟಿ ವಿಷಯ ಅಂತ ತೋರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಪ್ರವಾಸಿ ತಾಣವೊಂದು ಹೇಗೆ ಬೆಳೆದು ನಿಲ್ಲುತ್ತದೆ ಎಂದು ಹೇಳುವ ಬಟ್ಲರ್ ಎಂಬ ವಿದ್ವಾಂಸರ 1980ರ ಮಾದರಿಯನ್ನು ಪ್ರಾಜೆಕ್ಟಿಗೆ ತೆಗೆದುಕೊಂಡೆ. ಮೊದಲು ಯಾರೋ ನಾಲ್ಕು ಜನ ಊರನ್ನು ಹುಡುಕಿಕೊಂಡು ಬರುತ್ತಾರೆ, ಆಮೇಲೆ ಊರವರು ಕೈಹಾಕುತ್ತಾರೆ, ತಾಣ ಬೆಳೆಯುತ್ತದೆ, ಒಂದು ದಿನ ನಿಂತುಬಿಡುತ್ತದೆ. ಅಲ್ಲಿಂದ ಕುಸಿಯಬಹುದು, ಮತ್ತೆ ಚಿಗುರಲೂಬಹುದು. ಗುಹೆಗಳ ಗೇಟಿನ ಟಿಕೆಟ್ ಲೆಕ್ಕ ಹಿಡಿದು ಗೆರೆ ಎಳೆದೆ. ಗೆರೆ ಏರಲಿಲ್ಲ. ಬಾದಾಮಿಯ ಬೆಳವಣಿಗೆ ನಿಂತಿದೆ ಅಂತ ಬರೆದುಬಿಟ್ಟೆ.

ಟಿಕೆಟ್ ಎಷ್ಟೋ ಪ್ರವಾಸಿಗರು ಅಷ್ಟೇ ಅಂದುಕೊಂಡದ್ದೇ ನನ್ನ ತಪ್ಪು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಡಿಸೆಂಬರ್ ಬಂತೆಂದರೆ ನಮ್ಮೂರಲ್ಲಿ ಶಾಲಾ ಪ್ರವಾಸದ ಬಸ್ಸುಗಳದ್ದೇ ಸಾಲು. ಆ ಮಕ್ಕಳು ನನ್ನ ಗೆರೆಯಲ್ಲಿ ಇರಲೇ ಇಲ್ಲ. ಬನಶಂಕರಿ ಜಾತ್ರೆಗೆ ಬಂದು ಗುಹೆ ಹತ್ತದೆ ಹೋದವರೂ ಇರಲಿಲ್ಲ. ಬೆಳಿಗ್ಗೆ ಗುಹೆ ನೋಡಿ, ಪಟ್ಟದಕಲ್ಲು, ಐಹೊಳೆ ಮುಗಿಸಿ, ರಾತ್ರಿ ಬೇರೆ ಊರಲ್ಲಿ ಮಲಗಿದವರೂ ಮೂರು ದಿನ ಬಾದಾಮಿಯಲ್ಲೇ ಇದ್ದವರೂ ನನಗೆ ಒಂದೇ ಆಗಿದ್ದರು. ರಾತ್ರಿ ತಂಗಿದವರನ್ನು ಮಾತ್ರ ಪ್ರವಾಸಿ ಎನ್ನಬೇಕು, ಉಳಿದವರು ಒಂದು ದಿನದ ಭೇಟಿಗೆ ಬಂದವರು ಅನ್ನುವುದು ಈ ವಿಷಯದ ಮೊದಲ ಪಾಠ. ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೂ ಒಂದು ಲಾಡ್ಜಿನ ರಿಜಿಸ್ಟರ್ ತೆರೆಸಿ ನೋಡಲಿಲ್ಲ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಮಕ್ಕಳೆಲ್ಲಿ?" ಪ್ರಾಜೆಕ್ಟ್ ವಾಪಸ್ ಬಂತು. ಒಂದು ವರ್ಷ ಹೋಯಿತು. ಸಿಗಲಿದ್ದ ಅತಿಥಿ ಉಪನ್ಯಾಸಕರ ಕೆಲಸವೂ ತಪ್ಪಿತು. ಊರಿಗೆ ಬಂದು ಗುಹೆ ಹತ್ತಿರದ ಚಹಾ ಅಂಗಡಿ ಕಾಕಾ ಅವರಿಗೆ ಹೇಳಿದರೆ, "ಸಾಲಿ ಹುಡುಗ್ರಿಗೆ ಟಿಕೆಟ್ ಎಲ್ಲೈತಿ ತಮ್ಮಾ?" ಅಂದರು. ಮೊದಲೇ ಅವರ ಹತ್ತಿರ ಕೂತು ಮಾತಾಡಿದ್ದರೆ ಸಾಕಿತ್ತು ಅಲ್ವಾ?

ಇನ್ನು ನಿಮ್ಮ ಪ್ರಶ್ನೆ. ಈ ವಿಷಯದ ವಿದ್ವಾಂಸರಲ್ಲೇ ಎರಡು ಮಾತಿದೆ. ಲೈಪರ್ ಎಂಬವರು ಪ್ರವಾಸೋದ್ಯಮಕ್ಕೊಂದು ಸ್ವತಂತ್ರ ಶಾಸ್ತ್ರ ಬೇಕೆಂದು ವಾದಿಸಿದರು. ಟ್ರೈಬ್ ಎಂಬವರು 1997ರಲ್ಲಿ ಅದನ್ನು ಒಪ್ಪಲಿಲ್ಲ. ನಾನು ಟ್ರೈಬ್ ಕಡೆ. ಬಟ್ಲರ್ ಅವರೇ ಭೂಗೋಳದವರು. ಬಾದಾಮಿಯ ಕಲ್ಲು ಯಾಕೆ ಸವೆಯುತ್ತಿದೆ ಅಂತ ತಿಳಿಯಲು ಭೂವಿಜ್ಞಾನ ಬೇಕು, ಟಂಟಂ ಆಟೋದವರ ದುಡಿಮೆ ತಿಳಿಯಲು ಅರ್ಥಶಾಸ್ತ್ರ ಬೇಕು. ಹತ್ತು ಕಡೆಯಿಂದ ತಂದುಕೊಂಡರೆ ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ಇದು ಸ್ವತಂತ್ರ ವಿಜ್ಞಾನವೋ ಅಲ್ಲವೋ ಅನ್ನುವುದನ್ನು ನೋಡಿ ಸೇರುವುದೋ ಬಿಡುವುದೋ ತೀರ್ಮಾನಿಸಬೇಡಿ. ಮನೆಯವರ ಬಾಯಿ ಮುಚ್ಚಿಸಲು "ವಿಜ್ಞಾನ" ಅನ್ನುವ ಹೆಸರು ಬೇಕಿದ್ದರೆ ದಯವಿಟ್ಟು ಸೇರಲೇಬೇಡಿ.

ನೀವು ವಿಜಯಪುರದವರು. ಒಂದು ಭಾನುವಾರ, ಒಂದು ಮಂಗಳವಾರ ಗೋಳಗುಮ್ಮಟದ ಗೇಟಿನಲ್ಲಿ ನಿಂತುಕೊಳ್ಳಿ. ಹೊರಬಂದವರಲ್ಲಿ ಎಷ್ಟು ಜನ ಇಬ್ರಾಹಿಂ ರೋಜಾಕ್ಕೆ ಹೊರಟರು, ಎಷ್ಟು ಜನ ಸೀದಾ ಬಸ್ ಹತ್ತಿದರು, ಕೇಳಿ ಬರೆದುಕೊಳ್ಳಿ. ಮಕ್ಕಳನ್ನೂ ಎಣಿಸಿ. ಸಂಜೆ ಆ ಹಾಳೆ ನೋಡಿದಾಗ "ಯಾಕೆ ಹೀಗೆ?" ಅಂತ ತಲೆ ಕೊರೆಯತೊಡಗಿದರೆ ಮರುದಿನವೇ ಅರ್ಜಿ ಹಾಕಿ.