‘ಇಷ್ಟು ಸಾಕು’ ಅಂತ ಕಂಪನಿ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನಿರುವ ಕಂಪನಿಗೆ ಹೋದ ವರ್ಷ ಒಳ್ಳೇ ಲಾಭ ಬಂತು. ಆದರೂ ಈ ವರ್ಷ ಟಾರ್ಗೆಟ್ ಏರಿಸಿದ್ದಾರೆ, ಜನರನ್ನು ಕಡಿಮೆ ಮಾಡಿದ್ದಾರೆ. ಇವರಿಗೆ ಸಾಕು ಅನ್ನಿಸುವುದೇ ಇಲ್ಲವಾ? ಬಂಡವಾಳಶಾಹಿ ಅಂದರೆ ದುರಾಸೆ, ಅಷ್ಟೇ ತಾನೇ? ಮಾಲೀಕರು ಒಳ್ಳೆಯವರಾದರೆ ಸರಿಹೋಗುತ್ತದಾ?

ಉತ್ತರ: ದುರಾಸೆ ಇಲ್ಲ ಅನ್ನುವುದಿಲ್ಲ. ಆದರೆ ದುರಾಸೆ ರಾಜರಿಗೂ ಇತ್ತಲ್ವಾ? ಅವರು ಬಾಚಿಕೊಂಡರು, ಅರಮನೆ ಕಟ್ಟಿಸಿದರು, ಮೆರೆದರು. ಬಂದ ಲಾಭವನ್ನು ಮತ್ತೆ ವ್ಯಾಪಾರಕ್ಕೇ ಸುರಿಯದಿದ್ದರೆ ಉಳಿಗಾಲವಿಲ್ಲ ಅನ್ನುವ ಪರಿಸ್ಥಿತಿ ಅವರಿಗಿರಲಿಲ್ಲ. ಈಗಿನ ಮಾಲೀಕನಿಗೆ ಇದೆ. ನನ್ನ ಪ್ರಕಾರ ಈ ಗಾಡಿ ಓಡುವುದು ಆಸೆಗಿಂತ ಜಾಸ್ತಿ ಭಯದಿಂದ.

ಶರ್ಟ್ ಹೊಲಿಸುವ ಇಬ್ಬರನ್ನು ತಗೊಳ್ಳಿ. ಇಬ್ಬರ ಹತ್ತಿರವೂ 10 ಜನ ಕೆಲಸಗಾರರು, ಒಂದೊಂದು ಅಂಗಡಿಯಲ್ಲಿ ದಿನಕ್ಕೆ ಒಟ್ಟು 100 ಶರ್ಟ್. ಇಬ್ಬರ ಜೀವನವೂ ನಡೆಯುತ್ತಿದೆ. ಒಂದು ದಿನ ಎರಡನೆಯವನು ಸಾಲ ಮಾಡಿ ಹೊಸ ಮಶೀನ್ ಹಾಕಿಸುತ್ತಾನೆ. ಅದೇ 10 ಜನ ಈಗ 200 ಶರ್ಟ್ ಹೊಲಿಯುತ್ತಾರೆ. ಒಂದು ಶರ್ಟಿಗೆ ಬೀಳುವ ಕೂಲಿ ಅರ್ಧ ಆಯಿತು. ಮಶೀನಿನ ಕಂತು ಕಳೆದರೂ ಅವನು ಬೆಲೆ ಇಳಿಸಬಹುದು, ಇಳಿಸಲೇಬೇಕು ಕೂಡ, ಯಾಕಂದರೆ ಹೆಚ್ಚಾದ 100 ಶರ್ಟಿಗೆ ಗಿರಾಕಿ ಬೇಕಲ್ಲ.

ಈಗ ಮೊದಲನೆಯವನ ಗತಿ? ಅವನು ಏನೂ ತಪ್ಪು ಮಾಡಿಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಅಷ್ಟೇ ಚೆನ್ನಾಗಿ ಮಾಡುತ್ತಿದ್ದಾನೆ, ಆದರೆ ಗಿರಾಕಿಗಳು ಪಕ್ಕದ ಬಾಗಿಲಿಗೆ ಹೋದರು. ಅವನೂ ಮಶೀನ್ ತರಬೇಕು, ಇಲ್ಲ ಅಂಗಡಿ ಮುಚ್ಚಬೇಕು. ತಂದ ಅಂತಿಟ್ಟುಕೊಳ್ಳಿ. ಇಬ್ಬರ ಖರ್ಚೂ ಸಮ ಆಯಿತು, ಬೆಲೆ ಇನ್ನೂ ಬಿತ್ತು, ಎರಡನೆಯವನಿಗೆ ನಾಲ್ಕು ದಿನ ಸಿಕ್ಕಿದ್ದ ಹೆಚ್ಚಿನ ಲಾಭ ಕರಗಿ ಹೋಯಿತು. ಕಂತು ಮಾತ್ರ ಉಳಿಯಿತು. ಅದಕ್ಕೇ ಅವನ ಕಣ್ಣು ಆಗಲೇ ಮುಂದಿನ ಮಶೀನಿನ ಮೇಲೆ.

ಶರ್ಟ್ ಕೊಂಡವರಿಗೆ ಇದರಿಂದ ನಿಜಕ್ಕೂ ಲಾಭ ಆಯಿತು, ಅದನ್ನು ಮುಚ್ಚಿಡಬಾರದು. ಆದರೆ ದಿನಕ್ಕೆ 400 ಶರ್ಟ್ ಕೊಳ್ಳುವವರಿಲ್ಲ ಅಂದರೆ ಹೊಲಿಯುವವರಲ್ಲಿ ಕೆಲವರು ಮನೆಗೆ ಹೋಗಬೇಕು. ನಿಮ್ಮಲ್ಲಿ ಆಗಿರುವುದೂ ಹೆಚ್ಚುಕಮ್ಮಿ ಇದೇ ಇರಬಹುದು. ಇನ್ನು ಷೇರುದಾರರು: ಬೇರೆ ಕಡೆ ಲಾಭ ಜಾಸ್ತಿ ಅಂದರೆ ದುಡ್ಡು ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ. (ಆ ಷೇರುದಾರರಲ್ಲಿ ನಿಮ್ಮದೇ ಪಿಂಚಣಿ ನಿಧಿಯೂ ಇರಬಹುದು, ನೋಡಿ.)

ಹಿಂದೆ ಬಿದ್ದವರ ಕಥೆ ಬೇಕಾದರೆ ಕ್ಯಾಮೆರಾ ಫಿಲ್ಮಿಗೆ ಹೆಸರಾದ ಅಮೆರಿಕದ ಕೊಡಾಕ್ ಕಂಪನಿ ಇದೆ. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಅವರದೇ ಎಂಜಿನಿಯರ್. ಆದರೆ ಫಿಲ್ಮ್ ರೋಲಿನಲ್ಲಿ ದುಡ್ಡು ಧಾರಾಳವಾಗಿ ಬರುತ್ತಿತ್ತು, ಅದನ್ನು ಬಿಡಲು ಮನಸ್ಸು ಬರಲಿಲ್ಲ. 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು.

ಸಾಲ ಇಲ್ಲದ, ಪೈಪೋಟಿ ಕಡಿಮೆ ಇರುವ ಕಡೆ ಜನ ಆರಾಮಾಗಿ ಸಣ್ಣ ವ್ಯಾಪಾರವನ್ನೇ ನಡೆಸಿಕೊಂಡು ಇರುತ್ತಾರೆ. ಪೈಪೋಟಿ ಇಲ್ಲದೆ ಆರಾಮಾಗಿರುವ ಆಸೆ ದೊಡ್ಡ ಕಂಪನಿಗಳಿಗೂ ಇದೆ. ಪ್ರತಿಸ್ಪರ್ಧಿಯನ್ನೇ ಕೊಂಡುಬಿಡುವುದು, ಪೇಟೆಂಟ್ ಮೇಲೆ ಪೇಟೆಂಟ್ ಮಾಡಿಸುವುದು ಸುಮ್ನೆ ಅಲ್ಲ. ಭಾಷಣದಲ್ಲಿ ಪೈಪೋಟಿಯನ್ನು ಹೊಗಳುವವರಿಗೇ ಅದರಿಂದ ತಪ್ಪಿಸಿಕೊಳ್ಳುವ ಆತುರ ಜಾಸ್ತಿ.

ಇನ್ನು ಮಾಲೀಕರು ಒಳ್ಳೆಯವರಾದರೆ? ಒಬ್ಬನೇ ಒಳ್ಳೆಯವನಾದರೆ ಕಷ್ಟ. ಕೆಲಸದ ಹೊತ್ತು ತಾನೊಬ್ಬನೇ ಇಳಿಸಿದರೆ ಅವನ ಖರ್ಚು ಏರುತ್ತದೆ, ಗಿರಾಕಿಗಳು ಪಕ್ಕದವನ ಪಾಲಾಗುತ್ತಾರೆ. ಎಲ್ಲರೂ ಒಂದೇ ಸಲ ಇಳಿಸಬೇಕು, ಅದಕ್ಕೆ ಕಾನೂನು ಬೇಕು. ಬ್ರಿಟನ್ 1847ರಲ್ಲಿ ಅಂಥದ್ದೊಂದು ಕಾನೂನು ಮಾಡಿತು: ಜವಳಿ ಗಿರಣಿಗಳಲ್ಲಿ ಹೆಂಗಸರನ್ನೂ 18 ತುಂಬದ ಹುಡುಗ ಹುಡುಗಿಯರನ್ನೂ ದಿನಕ್ಕೆ 10 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಸಂಸತ್ತಿನಲ್ಲಿ ಅದಕ್ಕಾಗಿ ಹಟ ಹಿಡಿದು ನಿಂತವರು ಜಾನ್ ಫೀಲ್ಡನ್. ಅವರೇ ಒಬ್ಬ ದೊಡ್ಡ ಗಿರಣಿ ಮಾಲೀಕರು.